ಡಿ ಅಂಡ್ ಡಿ ಆಟದಲ್ಲಿ ಈಟಿಗಿಂತ ಕತ್ತಿಯ ಪೆಟ್ಟೇ ಜಾಸ್ತಿ. ನಿಜವಾದ ಯುದ್ಧದಲ್ಲೂ ಹಾಗೇ ಇತ್ತಾ?

ಇಲ್ಲ, ಹಾಗಿರಲಿಲ್ಲ. ನಾನು ಗೆಳೆಯರ ಗುಂಪಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ), ಅಂದರೆ ಮೇಜಿನ ಸುತ್ತ ಕೂತು ದಾಳ ಉರುಳಿಸಿ ಪಾತ್ರಗಳಾಗಿ ಆಡುವ ಆಟ, ನಡೆಸುತ್ತೇನೆ, ಹಳೆಯ ಆಯುಧಗಳ ಬಗ್ಗೆ ಓದುವ ಹುಚ್ಚೂ ಇದೆ. ಹಾಗಾಗಿ ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಈಟಿ ಹಿಡಿದ ನಿಮ್ಮ ಯೋಧ ಆಟದಲ್ಲಿ ಹಿಂದೆ ಬೀಳುತ್ತಿದ್ದಾನೆ, ಈಟಿಗೆ ದೊಡ್ಡ ದಾಳ ಕೊಡಲಾ ಅಂತಲೂ ಕೇಳಿದ್ದೀರಿ. ಕೊಡಬೇಡಿ. ತೊಂದರೆ ಇರುವುದು ದಾಳದಲ್ಲಿ ಅಲ್ಲ.

2014ರ ಐದನೇ ಆವೃತ್ತಿಯಲ್ಲಿ ಈಟಿಯ ಪೆಟ್ಟಿಗೆ ಡಿ6 (ಆರು ಮುಖದ ದಾಳ), ಲಾಂಗ್‌ಸ್ವೋರ್ಡ್ ಅನ್ನುವ ಉದ್ದ ಕತ್ತಿಗೆ ಡಿ8 (ಎಂಟು ಮುಖದ್ದು). ಸರಾಸರಿ ನೋಡಿದರೆ 3.5 ಮತ್ತು 4.5, ವ್ಯತ್ಯಾಸ ಒಂದೇ ಅಂಕ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಅದೂ ಇರಲಿಲ್ಲ. ಕಠಾರಿಯಿಂದ ಹಿಡಿದು ಎರಡು ಕೈಯ ಕತ್ತಿಯ ತನಕ ಎಲ್ಲದಕ್ಕೂ ಡಿ6. ಆಯುಧಕ್ಕೊಂದು ದಾಳ ಬಂದದ್ದು 1975ರ ಗ್ರೇಹಾಕ್ ಪುರವಣಿಯಲ್ಲಿ. ನನ್ನ ಪ್ರಕಾರ ಹಳೆಯ ನಿಯಮವೇ ಇತಿಹಾಸಕ್ಕೆ ಹತ್ತಿರ. ಹೊಟ್ಟೆಗೆ ಒಂದು ಗೇಣು ಉಕ್ಕು ಇಳಿದರೆ ಮನುಷ್ಯ ಉಳಿಯುವುದು ಕಷ್ಟ, ಅದು ಯಾವ ಆಯುಧದ್ದಾದರೂ ಅಷ್ಟೇ. ಒಂದು ಆಯುಧ ಎಷ್ಟು ಪರಿಣಾಮಕಾರಿ ಅನ್ನುವುದು ಗಾಯಕ್ಕೂ ಮುಂಚೆಯೇ ತೀರ್ಮಾನವಾಗುತ್ತಿತ್ತು: ಯಾರು ಮೊದಲು ಮುಟ್ಟುತ್ತಾರೆ, ಮುಟ್ಟಿದ್ದು ಒಳಗೆ ಹೋಗುತ್ತದಾ.

ಮೊದಲು ಮುಟ್ಟುವ ವಿಷಯ. ಮನೆಯಲ್ಲೇ ನೋಡಬಹುದು. ಆಳುದ್ದದ ಒಂದು ಕೋಲಿನ ತುದಿಗೆ ದಪ್ಪಗೆ ಬಟ್ಟೆ ಸುತ್ತಿ ನೀವು ಹಿಡಿಯಿರಿ, ನಿಮ್ಮ ಗೆಳೆಯನ ಕೈಗೆ ತೋಳುದ್ದದ ಕೋಲು ಕೊಡಿ. ನನ್ನ ಎದೆ ಮುಟ್ಟು ಅನ್ನಿ. ನೀವು ಹಿಂದಿನ ಕೈಯನ್ನು ಒಂದು ಚೂರು ಅಲ್ಲಾಡಿಸಿದರೆ ಸಾಕು, ಮುಂದಿನ ತುದಿ ಅವನ ಮುಖದಿಂದ ಮೊಣಕಾಲಿಗೆ ಹೋಗಿ ಬರುತ್ತದೆ. ಅವನು ಒಂದು ಹೆಜ್ಜೆ ಇಡುವ ಮೊದಲೇ ತುದಿ ಅವನ ಹೊಟ್ಟೆಯ ಮುಂದಿರುತ್ತದೆ. ಅವನು ಕೋಲನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿಬಿಟ್ಟರೆ ಮಾತ್ರ ಆಟ ತಿರುಗುತ್ತದೆ. ಅಷ್ಟು ಹತ್ತಿರ ಬಂದವನನ್ನು ಉದ್ದ ಕೋಲಿನಿಂದ ಏನೂ ಮಾಡಲಾಗುವುದಿಲ್ಲ. ಈಟಿಯ ಬಲ, ದೌರ್ಬಲ್ಯ ಎರಡೂ ಈ ಒಂದು ಹೆಜ್ಜೆಯಲ್ಲೇ ಇದೆ.

ಐದನೇ ಆವೃತ್ತಿಯ ನಿಯಮದಲ್ಲಿ ಆ ಹೆಜ್ಜೆಯೇ ಇಲ್ಲ! ಈಟಿ ಮುಟ್ಟುವ ದೂರವೂ 5 ಅಡಿ, ಕಠಾರಿಯದೂ 5 ಅಡಿ. ನನಗೆ ನಿಜಕ್ಕೂ ಬೇಸರವಾಗುವುದು ಇಲ್ಲೇ. ಪ್ರಾಚೀನ ಮೆಸಿಡೋನಿಯಾದ ಪದಾತಿಗಳ ಸರಿಸ್ಸಾ ಅನ್ನುವ ಭರ್ಜಿ 4ರಿಂದ 6 ಮೀಟರ್ ಉದ್ದವಿತ್ತು. ಸ್ವಿಸ್ ರೈತರ, ಪಟ್ಟಣಿಗರ ಉದ್ದುದ್ದ ಭರ್ಜಿಯ ಪಡೆಗಳು 1476–77ರಲ್ಲಿ ಬರ್ಗಂಡಿಯ ಚಾರ್ಲ್ಸ್‌ನನ್ನು ಗ್ರಾನ್ಸನ್, ಮುರ್ಟೆನ್, ನ್ಯಾನ್ಸಿ ಮೂರೂ ಕಡೆ ಸೋಲಿಸಿದವು. ಆ ಕಾಲದ ಯುರೋಪಿನಲ್ಲಿ ಬೇಕಾದಷ್ಟು ದುಡ್ಡು, ಫಿರಂಗಿ, ಕುದುರೆ ಇದ್ದವನು ಅವನು. ಕತ್ತಿ ಈ ಭರ್ಜಿಯವರ ಸೊಂಟದಲ್ಲೂ ಇತ್ತು, ಆದರೆ ಅದು ಎರಡನೇ ಆಯುಧ.

ಹಾಗಾದರೆ ಕತ್ತಿಗೆ ಅಷ್ಟು ಮರ್ಯಾದೆ ಯಾಕೆ? ಸೊಂಟದಲ್ಲಿ ತೂಗುತ್ತದೆ, ಕೈ ಖಾಲಿ ಇರುತ್ತದೆ, ಊಟಕ್ಕೆ ಕೂತಾಗಲೂ ಜೊತೆಗಿರುತ್ತದೆ. ಭರ್ಜಿ ಹೊತ್ತು ಛತ್ರದೊಳಗೆ ಬರಲಾಗುತ್ತದಾ? ಅಂದಹಾಗೆ ತೂಕದಲ್ಲಿ ಆಟದ ನಿಯಮ ಪುಸ್ತಕ ಸರಿಯಾಗಿದೆ: ಲಾಂಗ್‌ಸ್ವೋರ್ಡ್ 3 ಪೌಂಡ್, ಸುಮಾರು 1.4 ಕಿಲೋ. ಬೆಲೆಯೂ ಒಪ್ಪುವಂಥದ್ದೇ. ಕತ್ತಿಗೆ 15 ಚಿನ್ನದ ನಾಣ್ಯ, ಈಟಿಗೆ ಒಂದು. ಈಟಿಗೆ ಬೇಕಾಗುವುದು ಒಂದು ಹಿಡಿ ಕಬ್ಬಿಣ ಮತ್ತು ಒಳ್ಳೆಯ ಮರ.

ಈಗ ಕವಚ. ಆಟದಲ್ಲಿ ಪ್ಲೇಟ್, ಅಂದರೆ ಉಕ್ಕಿನ ತಗಡಿನ ಕವಚ, ಹಾಕಿದವನಿಗೆ ಆರ್ಮರ್ ಕ್ಲಾಸ್ (ಏಟು ತಗುಲಲು ಬೇಕಾದ ಅಂಕ) 18, ಅದನ್ನು ದಾಟಿದರೆ ಕತ್ತಿಯ ಏಟೂ ಸುತ್ತಿಗೆಯ ಏಟೂ ಒಂದೇ ಡಿ8. ನಿಜದಲ್ಲಿ ಕತ್ತಿಯ ಅಲಗು ಉಕ್ಕಿನ ತಗಡನ್ನು ಕೊಯ್ಯುವುದಿಲ್ಲ. ಬಳೆ ಬಳೆ ಕೂಡಿಸಿ ನೇಯ್ದ ಚೈನ್ ಮೇಲ್ ಮೇಲೂ ಬೀಸಿದ ಏಟು ಹೆಚ್ಚಾಗಿ ವ್ಯರ್ಥ. 15ನೇ ಶತಮಾನದ ಜರ್ಮನ್ ಗುರು ಹಾನ್ಸ್ ಟಾಲ್‌ಹೋಫರ್‌ನ ಚಿತ್ರಪುಸ್ತಕಗಳನ್ನು ನೋಡಿ. ಕವಚಧಾರಿಗಳು ಒಂದು ಕೈಯಲ್ಲಿ ಕತ್ತಿಯ ಅಲಗನ್ನೇ ನಡುವಿಗೆ ಹಿಡಿದು, ಕಂಕುಳಿಗೋ ಮುಖಕ್ಕೋ ಸಂದು ಹುಡುಕಿ ತಿವಿಯುತ್ತಾರೆ. ಇಲ್ಲವೇ ಕತ್ತಿಯನ್ನು ತಿರುಗಿಸಿ ಹಿಡಿದು ಹಿಡಿಯ ಕಡೆಯಿಂದ ಸುತ್ತಿಗೆಯ ಹಾಗೆ ಬಡಿಯುತ್ತಾರೆ.

ಇನ್ನೊಂದು ಸಾಕ್ಷಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿಯಲ್ಲಿ ಸಿಕ್ಕಿತು. 1361ರಲ್ಲಿ ಡೆನ್ಮಾರ್ಕಿನ ರಾಜ ನಾಲ್ಕನೇ ವಾಲ್ಡೆಮಾರನ ಸೈನ್ಯ ಅಲ್ಲಿನ ರೈತರ ಪಡೆಯನ್ನು ಕೊಂದು ಹಾಕಿತು. ಸತ್ತವರನ್ನು ಮೈಮೇಲಿನ ಕವಚ ಸಮೇತ ಗುಂಡಿಗಳಲ್ಲಿ ಹೂತರು. ಅಗೆದಾಗ ಸಾವಿರಕ್ಕೂ ಹೆಚ್ಚು ಜನರ ಮೂಳೆ ಸಿಕ್ಕವು, ಗಾಯಗಳಲ್ಲಿ ದೊಡ್ಡ ಪಾಲು ಮೊಣಕಾಲಿನ ಕೆಳಗೆ. ಎದೆಗೆ ಕವಚ, ಕೈಗೆ ಗುರಾಣಿ ಇದ್ದವನನ್ನು ಕೆಡವಲು ಕಾಲಿಗೇ ಹೊಡೆದಿದ್ದಾರೆ. ಆರ್ಮರ್ ಕ್ಲಾಸ್ ಅನ್ನುವ ಒಂದು ಸಂಖ್ಯೆಯಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ.

ಬಿಲ್ಲಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನಲ್ಲಿ 137 ಇಡೀ ಬಿಲ್ಲುಗಳು ಸಿಕ್ಕವು. ಅವುಗಳನ್ನು ಪೂರ್ತಿ ಎಳೆಯಲು ಸುಮಾರು 45ರಿಂದ 80 ಕಿಲೋ ಬಲ ಬೇಕು ಅಂತ ಅಂದಾಜು. ಆಟದಲ್ಲಿ ಬಿಲ್ಲಿಗೆ ಚುರುಕುತನ ಒಂದಿದ್ದರೆ ಸಾಕು, ತೋಳಿನ ಬಲ ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಆಟದ ಹೆವಿ ಕ್ರಾಸ್‌ಬೋ (ದೊಡ್ಡ ಅಡ್ಡಬಿಲ್ಲು) ಆರು ಸೆಕೆಂಡಿಗೊಂದು ಬಾಣ ಬಿಡುತ್ತದೆ. ರಾಟೆ ತಿರುಗಿಸಿ ಹೆದೆ ಎಳೆಯುವ ನಿಜವಾದ ಕ್ರಾಸ್‌ಬೋನಲ್ಲಿ ನಿಮಿಷಕ್ಕೆ ಎರಡು ಬಿಟ್ಟರೆ ದೊಡ್ಡದು.

ನಮ್ಮ ಮೇಜಿನಲ್ಲಿ ನಡೆಯುವ ಎರಡು ನಿಯಮ ಹೇಳುತ್ತೇನೆ, ಬೇಕಾದರೆ ತಗೊಳ್ಳಿ. ಈಟಿಯನ್ನು ಎರಡು ಕೈಯಲ್ಲಿ ಹಿಡಿದವನ ಹತ್ತಿರಕ್ಕೆ ಗಿಡ್ಡ ಆಯುಧದವನು ಬಂದರೆ, ಈಟಿಯವನು ರಿಯಾಕ್ಷನ್ (ಎದುರಾಳಿಯ ಸರದಿಯಲ್ಲೇ ಪ್ರತಿಕ್ರಿಯಿಸುವ ಅವಕಾಶ) ಬಳಸಿ ಮೊದಲು ತಿವಿಯಬಹುದು. ತಗುಲಿದರೆ ಎದುರಾಳಿ ಅಲ್ಲೇ ನಿಲ್ಲಬೇಕು. ತಪ್ಪಿದರೆ ಅವನು ಒಳಗೆ ಬಂದ ಹಾಗೆ, ಅಲ್ಲಿಂದ ಹಿಂದೆ ಸರಿಯುವ ತನಕ ಈಟಿಯವನ ಪ್ರತಿ ಏಟಿಗೂ ಡಿಸ್‌ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಉರುಳಿಸಿ ಕಡಿಮೆ ಬಂದದ್ದೇ ಲೆಕ್ಕ. ಪೋಲ್‌ಆರ್ಮ್ ಮಾಸ್ಟರ್ ಅನ್ನುವ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಕೌಶಲ) ತಗೊಂಡವರಿಗೆ ಇಂಥದ್ದೇ ಒಂದು ಸೌಲಭ್ಯ ಇದೆ. ಈಟಿ ಹಿಡಿದವನಿಗೆ ಅದು ಹುಟ್ಟಾ ಬರಬೇಕು ಅನ್ನುವುದು ನನ್ನ ಹಟ.

ಎರಡನೆಯದು, ಚೈನ್ ಮೇಲ್ ಅಥವಾ ಪ್ಲೇಟ್ ಹಾಕಿದವನ ಮೇಲೆ ಸ್ಲ್ಯಾಶಿಂಗ್ (ಅಲಗಿನಿಂದ ಕೊಯ್ಯುವ) ಪೆಟ್ಟು ಅರ್ಧ. ಲಾಂಗ್‌ಸ್ವೋರ್ಡ್‌ನವನು ಬೇಕೆಂದರೆ ಅಲಗು ಹಿಡಿದು ತಿವಿಯಲಿ ಅಥವಾ ತಿರುಗಿಸಿ ಬಡಿಯಲಿ. ಆಗ ಡಿ6, ಆದರೆ ಪೂರ್ತಿ ಪೆಟ್ಟು. ಇದು ಬಂದ ಮೇಲೆ ನಮ್ಮ ಆಟಗಾರರೆಲ್ಲ ಕತ್ತಿಯ ಜೊತೆ ಒಂದು ಗದೆಯನ್ನೋ ಸುತ್ತಿಗೆಯನ್ನೋ ಇಟ್ಟುಕೊಳ್ಳುತ್ತಾರೆ. 1978ರ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಪ್ರತಿ ಆಯುಧಕ್ಕೂ ಪ್ರತಿ ಕವಚದ ಎದುರು ಬೇರೆ ಬೇರೆ ಅಂಕ ಕೊಟ್ಟ ದೊಡ್ಡ ಕೋಷ್ಟಕವೇ ಇತ್ತು. ಅಷ್ಟು ದೂರ ಹೋಗಬೇಡಿ, ಒಂದೊಂದು ಏಟಿಗೂ ಪುಟ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಎರಡನ್ನೂ ಒಟ್ಟಿಗೆ ತರಬೇಡಿ. ಮೊದಲು ಈಟಿಯ ನಿಯಮ ಹಾಕಿ ಒಂದು ಕಾಳಗ ಆಡಿಸಿ. ಆಟದ ಕುಳ್ಳ ರಾಕ್ಷಸರಾದ ಗಾಬ್ಲಿನ್‌ಗಳ ಕೈಗೂ ಈಟಿ ಕೊಟ್ಟು, ಇಕ್ಕಟ್ಟಿನ ಗುಹೆಯ ಬಾಯಲ್ಲಿ ಸಾಲಾಗಿ ನಿಲ್ಲಿಸಿ.