ಕೆಲಸವಿಲ್ಲದ ಸರ್ವರ್‌ಗೂ ವಿದ್ಯುತ್ ಏಕೆ?

ಪ್ರಶ್ನೆ: ಕೆಲಸ ಕಡಿಮೆಯಿರುವಾಗಲೂ ಕ್ಲೌಡ್ ಡೇಟಾ ಸೆಂಟರ್‌ಗಳು ಬಹಳ ವಿದ್ಯುತ್ ಬಳಸುತ್ತವೆಂದು ಓದಿದ್ದೇನೆ. ಇದನ್ನು ತಗ್ಗಿಸುವ ಬಗೆ ಯಾವುದು?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ನೀವು ಓದಿದ್ದು ನಿಜ. ಡೇಟಾ ಸೆಂಟರ್‌ನಲ್ಲಿ ಸಾಲುಸಾಲಾಗಿ ಜೋಡಿಸಿರುವ ಕಂಪ್ಯೂಟರ್, ಅಂದರೆ ಸರ್ವರ್, ಸುಮ್ಮನೆ ಚಾಲೂ ಇದ್ದರೂ ತನ್ನ ಗರಿಷ್ಠ ಬಳಕೆಯ ದೊಡ್ಡ ಪಾಲನ್ನು, ಹಳೆಯ ಯಂತ್ರವಾದರೆ ಸುಮಾರು ಅರ್ಧದಷ್ಟನ್ನು, ಎಳೆದುಕೊಳ್ಳುತ್ತದೆ. ಆದ್ದರಿಂದ ಹಲವು ಸರ್ವರ್‌ಗಳಲ್ಲಿ ಚದುರಿರುವ ವರ್ಚುವಲ್ ಯಂತ್ರಗಳನ್ನು (ಒಂದೇ ಸರ್ವರ್‌ನೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ನಡೆಯುವ ತಂತ್ರಾಂಶಗಳನ್ನು), ಅವುಗಳ ಕೆಲಸ ನಿಲ್ಲದಂತೆಯೇ ಸ್ಥಳಾಂತರಿಸಿ, ಕೆಲವೇ ಸರ್ವರ್‌ಗಳಲ್ಲಿ ಒಟ್ಟುಗೂಡಿಸಿ ಉಳಿದವನ್ನು ನಿದ್ರಾಸ್ಥಿತಿಗೆ ಕಳುಹಿಸುವುದು ಮುಖ್ಯ ಉಪಾಯ. ನಾಲ್ಕೈದು ಪ್ರಯಾಣಿಕರಿರುವ ಮೂರು ಮಂಡ್ಯ ಬಸ್ಸುಗಳ ಬದಲು ಒಂದನ್ನೇ ಓಡಿಸಿದಂತೆ. ಆದರೆ ಅತಿಯಾಗಿ ತುಂಬಿದರೆ, ಬೇಡಿಕೆ ದಿಢೀರನೆ ಏರಿದಾಗ ಸೇವೆ ನಿಧಾನವಾಗುತ್ತದೆ. ಸ್ಥಳಾಂತರಕ್ಕೂ ವಿದ್ಯುತ್ ಬೇಕು. ಎಷ್ಟು ತುಂಬಬೇಕೆಂಬ ಈ ನಿರ್ಧಾರವೇ, ನನ್ನ ದೃಷ್ಟಿಯಲ್ಲಿ, ಇಡೀ ವಿಷಯದ ಕಠಿಣ ಭಾಗ.

ಇನ್ನು, ಬಿಸಿಯಾಗುವ ಸರ್ವರ್‌ಗಳನ್ನು ತಂಪಾಗಿಡಲೂ ವಿದ್ಯುತ್ ಬೇಕು. ಬಿಸಿ ಮತ್ತು ತಣ್ಣನೆಯ ಗಾಳಿ ಬೆರೆಯದಂತೆ ಸರ್ವರ್ ಸಾಲುಗಳ ನಡುವಿನ ಹಾದಿಗಳನ್ನು ಪ್ರತ್ಯೇಕಿಸುವುದು, ಮೈಸೂರಿನ ಚಳಿಗಾಲದ ರಾತ್ರಿಗಳಂಥ ಹವೆಯಲ್ಲಿ ಹೊರಗಿನ ಗಾಳಿಯನ್ನೇ ಶೋಧಿಸಿ ಬಳಸುವುದು ರೂಢಿಯಲ್ಲಿರುವ ಕ್ರಮಗಳು. ಯಂತ್ರಕಲಿಕೆಯ (ಮಾಹಿತಿಯಿಂದ ತಾನೇ ಕಲಿಯುವ ತಂತ್ರಾಂಶದ) ನೆರವಿನಿಂದ ತಂಪುಗೊಳಿಸಲು ಬಳಸುವ ವಿದ್ಯುತ್ತನ್ನು ಶೇ. 40ರವರೆಗೆ ಇಳಿಸಿದ್ದಾಗಿ ಗೂಗಲ್ 2016ರಲ್ಲಿ ಪ್ರಕಟಿಸಿತು. ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ, ಕ್ಲೌಡ್‌ಸಿಮ್ ಎಂಬ ಉಚಿತ ತಂತ್ರಾಂಶದಲ್ಲಿ ಸರ್ವರ್‌ಗಳಿಲ್ಲದೆಯೇ ಇಂಥ ಪ್ರಯೋಗಗಳನ್ನು ಮಾಡಬಹುದು.