ಹಿತ್ತಲು ಚೆನ್ನಾಗಿದೆ, ಆದರೆ ಅಲ್ಲಿ ಯಾರೂ ಕೂರುವುದಿಲ್ಲ

ಪ್ರಶ್ನೆ: ಎರಡು ವರ್ಷದ ಹಿಂದೆ ಹಿತ್ತಲು ಸರಿ ಮಾಡಿಸಿದೆವು. 30 ಅಡಿ ಅಗಲ, 40 ಅಡಿ ಉದ್ದ ಇದೆ. ಬಾಗಿಲಿಂದ ಮೂರು ಮೆಟ್ಟಿಲಿಳಿದರೆ ಹುಲ್ಲುಹಾಸು, ಸುತ್ತ ಹೂಗಿಡ, ಕೊನೆಯಲ್ಲಿ ಕಾಂಪೌಂಡಿಗೆ ತಾಗಿದಂತೆ ಒಂದು ಕಲ್ಲುಬೆಂಚು. ನೋಡಿದವರೆಲ್ಲ ಹೊಗಳುತ್ತಾರೆ. ಆದರೆ ನಾವ್ಯಾರೂ ಅಲ್ಲಿ ಕೂರುವುದೇ ಇಲ್ಲ. ಗಿಡಕ್ಕೆ ನೀರು ಹಾಕಿ ಒಳಗೆ ಬರುತ್ತೇವೆ, ಅಷ್ಟೆ. ಈಗ ಒಂದು ಚಪ್ಪರ, ಒಂದು ಕಾರಂಜಿ ಹಾಕಿಸೋಣ ಅಂತಿದ್ದೇವೆ. ಆಗಲಾದರೂ ಬಳಕೆಯಾಗುತ್ತಾ?

ಉತ್ತರ: ಕಾರಂಜಿ ಸದ್ಯಕ್ಕೆ ಬೇಡ. ಚಪ್ಪರ ಬೇಕಾಗಬಹುದು, ಆದರೆ ಎಲ್ಲಿ ಅನ್ನುವುದನ್ನು ಆಮೇಲೆ ನೋಡೋಣ. ನಿಮ್ಮ ಹಿತ್ತಲಿಗೆ ಅಂದ ಕಡಿಮೆಯಾಗಿಲ್ಲ. ಕೂರುವ ಜಾಗ ಬಾಗಿಲಿನಿಂದ ತೀರಾ ದೂರವಾಗಿದೆ.

ಬೆಂಚಿನವರೆಗೆ ಹೋಗುವುದೆಂದರೆ ಏನೇನು ಮಾಡಬೇಕು, ಯೋಚಿಸಿ. ಚಪ್ಪಲಿ ಹುಡುಕಬೇಕು, ಮೆಟ್ಟಿಲಿಳಿಯಬೇಕು, ಒದ್ದೆ ಹುಲ್ಲಿನ ಮೇಲೆ 40 ಅಡಿ ನಡೆಯಬೇಕು. ಕೂತ ಮೇಲೆ ನೀರು ಬೇಕೆನಿಸಿದರೆ ಮತ್ತೆ ಅಷ್ಟೇ ದೂರ. ಒಲೆಯ ಮೇಲೆ ಏನಾದರೂ ಇಟ್ಟು ಬಂದಿದ್ದರೆ ಮನಸ್ಸೆಲ್ಲ ಅಲ್ಲೇ ಇರುತ್ತದೆ. ನೆಂಟರು ಬಂದ ದಿನ ಇಷ್ಟೆಲ್ಲ ಮಾಡುತ್ತೇವೆ, ದಿನಾ ಮಾಡುವುದಿಲ್ಲ. ಆದರೆ ಹಿತ್ತಲು ನಿಜವಾಗಿ ಬಳಕೆಯಾಗುವುದು ದಿನಾ ಸಿಗುವ ಹತ್ತು ಹದಿನೈದು ನಿಮಿಷದ ಬಿಡುವಿನಲ್ಲಿ.

ಇದು ನಿಮ್ಮೊಬ್ಬರ ಕಥೆಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2000ದ ದಶಕದಲ್ಲಿ ಲಾಸ್ ಏಂಜಲೀಸ್‌ನ 32 ಮಧ್ಯಮ ವರ್ಗದ ಕುಟುಂಬಗಳ ದಿನಚರಿಯನ್ನು ಮನೆಯಲ್ಲೇ ಇದ್ದು ದಾಖಲಿಸಿದರು. ಅಲ್ಲಿನ ಹವೆ ವರ್ಷವಿಡೀ ಹಿತವಾಗಿರುತ್ತದೆ. ಹಿತ್ತಲಲ್ಲಿ ಕುರ್ಚಿ, ಮೇಜು, ಮಕ್ಕಳ ಆಟದ ಸಾಮಾನು ಎಲ್ಲ ಇದ್ದವು. ಆದರೂ ಬಹಳಷ್ಟು ತಂದೆ ತಾಯಂದಿರು ಬಿಡುವಿನ ಹೊತ್ತನ್ನು ಅಲ್ಲಿ ಕಳೆಯಲೇ ಇಲ್ಲ. ಸಾಮಾನು ತಂದಿಟ್ಟ ಮಾತ್ರಕ್ಕೆ ಜನ ಹೊರಗೆ ಬರುವುದಿಲ್ಲ.

ಹಾಗಾಗಿ ಬಾಗಿಲಿಗೆ ಅಂಟಿದಂತೆ ಒಂದು ಜಗಲಿ ಕಟ್ಟಿಸಿ. ಮನೆಯ ನೆಲಕ್ಕಿಂತ ಒಂದೆರಡು ಇಂಚು ಮಾತ್ರ ಕೆಳಗಿರಲಿ, ಬರಿಗಾಲಲ್ಲೇ ಹೊರಗೆ ಬರುವಂತಿರಲಿ. ಇಲ್ಲಿ ನಿಮಗೊಂದು ಅನುಕೂಲ ಇದೆ. ಮೂರು ಮೆಟ್ಟಿಲು ಎಂದರೆ ಸುಮಾರು 18 ಇಂಚು ಎತ್ತರ. ನೀರು ಹರಿಯಲು ಕೊಡುವ ಇಳಿಜಾರು ಕಳೆದರೂ ಜಗಲಿಯ ಅಂಚು ಹುಲ್ಲಿನಿಂದ 13–14 ಇಂಚು ಮೇಲೆ ಬರುತ್ತದೆ, ಕುರ್ಚಿಗಿಂತ ತುಸು ತಗ್ಗು, ಅಷ್ಟೇ. ಅಂದರೆ ಅಂಚಿನ ಉದ್ದಕ್ಕೂ ಕಾಲು ಇಳಿಬಿಟ್ಟು ಕೂರಬಹುದು. ಅಂಚಿಗೆ ಒಂದು ಅಡಿ ಅಗಲದ, ಮೂಲೆ ದುಂಡಾದ ಹಾಸುಗಲ್ಲು ಹಾಕಿಸಿ. ಬೆಂಚಿಗಿಂತ ಜಾಸ್ತಿ ಜನ ಅಲ್ಲೇ ಕೂರುತ್ತಾರೆ, ನೋಡಿ.

ಅಳತೆಯಲ್ಲಿ ಜಿಪುಣತನ ಬೇಡ. ನಾಲ್ಕು ಜನ ಮೇಜಿನ ಸುತ್ತ ಕೂರಲು 10 ಅಡಿಗೆ 10 ಅಡಿ ಬೇಕು. ಕುರ್ಚಿ ಹಿಂದಕ್ಕೆ ಸರಿಸಿ ಏಳುವುದಕ್ಕೇ ಮೇಜಿನ ಅಂಚಿನಿಂದ ಮೂರು ಅಡಿ ಹೋಗುತ್ತದೆ. ಗೋಡೆಯುದ್ದಕ್ಕೂ ನಾಲ್ಕು ಅಡಿಯ ಪಟ್ಟಿ ಮಾಡಿಸಿದರೆ ಅದು ಚಪ್ಪಲಿ ಬಿಡುವ ಜಾಗವಾಗುತ್ತದೆ. ಆರು ಅಡಿಗಿಂತ ಕಡಿಮೆ ಆಳದ ಜಾಗದಲ್ಲಿ ಇಬ್ಬರು ಎದುರುಬದುರು ಆರಾಮವಾಗಿ ಕೂರಲು ಆಗುವುದಿಲ್ಲ. ನಿಮ್ಮಲ್ಲಿ 12 ಅಡಿ ಆಳಕ್ಕೆ ಧಾರಾಳವಾಗಿ ಜಾಗ ಇದೆ. ವಾಟ ಮಾತ್ರ ಮನೆಯಿಂದ ಹೊರಕ್ಕೆ ಇರಬೇಕು, ಒಂದು ಅಡಿಗೆ ಕಾಲು ಇಂಚಿನಂತೆ. 12 ಅಡಿಗೆ ಮೂರು ಇಂಚು. ಕೂತವರಿಗೆ ಅದು ಗೊತ್ತಾಗುವುದಿಲ್ಲ, ನೀರು ಮಾತ್ರ ನಿಲ್ಲದೆ ಹರಿದುಹೋಗುತ್ತದೆ. ಗೋಡೆಗೆ ತೇವ ಹತ್ತದಂತೆ ಏನು ಮಾಡುತ್ತೀರಿ ಎಂದು ಮೇಸ್ತ್ರಿಯನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ಚಪ್ಪರ. ಕಟ್ಟಿಸುವ ಮೊದಲು ಎರಡು ಹಗುರ ಕುರ್ಚಿ ತಂದು, ಒಂದು ವಾರ ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿ ಕೂತು ನೋಡಿ. ಕಣ್ಣಿಗೆ ಬಿಸಿಲು ಯಾವಾಗ ಬೀಳುತ್ತದೆ, ಗಾಳಿ ಎತ್ತಲಿಂದ, ಯಾವ ಹೊತ್ತಿಗೆ ಕಾಲು ತಾನಾಗಿ ಹೊರಗೆ ಬರುತ್ತದೆ, ಬರೆದಿಟ್ಟುಕೊಳ್ಳಿ. ನೀವು ಸಂಜೆ ಕೂರುವವರಾದರೆ ತಲೆಯ ಮೇಲಿನ ಚಪ್ಪರದಿಂದ ಅಷ್ಟೇನೂ ಉಪಯೋಗವಿಲ್ಲ. ಸಂಜೆ ಸೂರ್ಯ ಕೆಳಗಿರುತ್ತಾನೆ, ಬಿಸಿಲು ಚಪ್ಪರದ ಅಡಿಯಿಂದ ನುಗ್ಗಿ ನೇರ ಮುಖಕ್ಕೆ ಹೊಡೆಯುತ್ತದೆ. ಅದಕ್ಕೆ ಪಡುವಣ ಬದಿಯಲ್ಲಿ ಒಂದು ಮರ ಅಥವಾ ಬಳ್ಳಿ ಹಬ್ಬಿಸಿದ ತಡಿಕೆ ಬೇಕು. ಮಧ್ಯಾಹ್ನ ಕೂರುವವರಿಗೆ ಮಾತ್ರ ಚಪ್ಪರವೇ ಸರಿ. ಗಿಡಮರದ ಕೆಳಗೆ ತಗಡಿನ ಮಾಡಿಗಿಂತ ತಂಪು ಜಾಸ್ತಿ, ಯಾಕೆಂದರೆ ಎಲೆಗಳು ನೀರು ಬಿಡುತ್ತಾ ಸುತ್ತಲಿನ ಗಾಳಿಯನ್ನೂ ತಣಿಸುತ್ತವೆ, ತಗಡು ಕಾದು ಕೆಳಗೆ ಬಿಸಿ ಕಾರುತ್ತದೆ.

ಆ ಎರಡು ಕುರ್ಚಿಗಳನ್ನು ಆಮೇಲೂ ಅಲ್ಲೇ ಇಟ್ಟುಕೊಳ್ಳಿ. ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನ ಹೇಗೆ ಕೂರುತ್ತಾರೆಂದು ನೋಡಿದರು. ಕುರ್ಚಿ ಸಿಕ್ಕರೆ ಜನ ಅದನ್ನು ತುಸುವಾದರೂ ಆಚೀಚೆ ಸರಿಸಿಯೇ ಕೂರುತ್ತಿದ್ದರಂತೆ. ನೆರಳಿನ ಜೊತೆ ಸರಿಯಲು, ಒಬ್ಬರ ಹತ್ತಿರ ಬರಲು, ತುಸು ದೂರ ಹೋಗಲು ಕುರ್ಚಿಯಲ್ಲಿ ಆಗುತ್ತದೆ. ಕಲ್ಲುಬೆಂಚು ಇದ್ದಲ್ಲೇ ಇರುತ್ತದೆ, ಬಿಸಿಲಿಗೆ ಕಾಯುತ್ತದೆ, ಬೆನ್ನಿಗೆ ಆಸರೆಯೂ ಇಲ್ಲ. ಅದನ್ನು ಕೀಳಿಸಬೇಡಿ, ಕುಂಡ ಇಡಲು ಒಳ್ಳೆಯ ಜಾಗ.

ಪ್ರಶ್ನೆ: ನಮ್ಮದು ಚಿಕ್ಕ ಹಿತ್ತಲು. ಪಕ್ಕದ ಮನೆಯ ಮಹಡಿ ಕಿಟಕಿ ನೇರ ನಮ್ಮ ಕಡೆಗೇ ಇದೆ, ಕೂರಲು ಮುಜುಗರ. ಕತ್ತಲಾದರೆ ಸೊಳ್ಳೆ. ಗೋಡೆಗೆ ಜೋರು ಬೆಳಕಿನ ದೀಪ ಹಾಕಿಸಿದ್ದೇವೆ, ಆದರೂ ಹೊರಗೆ ಇರಬೇಕು ಅನಿಸುವುದಿಲ್ಲ.

ಉತ್ತರ: ಮುಜುಗರ ಸಣ್ಣ ವಿಷಯ ಅಲ್ಲ. ಯಾರೋ ನೋಡುತ್ತಿದ್ದಾರೆ ಅನಿಸಿದರೆ ಎಂಥ ಒಳ್ಳೆಯ ಜಾಗದಲ್ಲೂ ಮನಸ್ಸು ನಿಲ್ಲುವುದಿಲ್ಲ. ಆದರೆ ಸುತ್ತ ಕಾಂಪೌಂಡ್ ಎತ್ತರಿಸಬೇಡಿ. ಮಹಡಿಯ ನೋಟ ಅದರ ಮೇಲಿಂದ ಹೇಗಿದ್ದರೂ ಬರುತ್ತದೆ, ನಿಮಗೆ ಬರುವ ಗಾಳಿ ಮಾತ್ರ ನಿಂತುಹೋಗುತ್ತದೆ. ನೀವು ಕೂರುವ ಕುರ್ಚಿಯಿಂದ ಆ ಕಿಟಕಿಗೆ ಒಂದು ದಾರ ಎಳೆದಂತೆ ಅಂದಾಜು ಮಾಡಿ. ಆ ಗೆರೆಯನ್ನು ತಡೆಯುವಷ್ಟು ಮರೆ ಸಾಕು. ಮರೆ ನಿಮಗೆ ಹತ್ತಿರವಿದ್ದಷ್ಟೂ ಚಿಕ್ಕದಿದ್ದರೆ ನಡೆಯುತ್ತದೆ. ಬೇಲಿಯಂಚಿನಲ್ಲಿ 20 ಅಡಿ ಮರ ಬೆಳೆಸಿ ಮಾಡಬೇಕಾದ ಕೆಲಸವನ್ನು ಕುರ್ಚಿಯ ಪಕ್ಕದ ಏಳು ಅಡಿಯ ಬಳ್ಳಿ ತಡಿಕೆ ಮಾಡುತ್ತದೆ.

ಆ ದೀಪವನ್ನು ಆರಿಸಿಬಿಡಿ. ಜೋರು ಬೆಳಕಿನಲ್ಲಿ ಕೂತವರು ಎಲ್ಲರಿಗೂ ಕಾಣುತ್ತಾರೆ, ಅವರಿಗೆ ಮಾತ್ರ ಸುತ್ತಲಿನ ಕತ್ತಲಲ್ಲಿ ಏನೂ ಕಾಣುವುದಿಲ್ಲ. ಮುಜುಗರಕ್ಕೆ ಅರ್ಧ ಕಾರಣ ಅದೇ. ಬಲ್ಬು ಕಣ್ಣಿಗೆ ಬೀಳದಂತೆ, ಬೆಳಕು ಕೆಳಕ್ಕೆ ಮಾತ್ರ ಚೆಲ್ಲುವ ಎರಡು ಮೂರು ಸಣ್ಣ ದೀಪ ಸಾಕು. 2700 ಕೆಲ್ವಿನ್ ಎಂದು ಬರೆದಿರುವ ಹಳದಿ ಛಾಯೆಯ ಎಲ್‌ಇಡಿ ತನ್ನಿ. ಬೆಳ್ಳನೆ ಬೆಳಕಿಗೆ ಮುತ್ತುವಷ್ಟು ಹುಳ ಇದಕ್ಕೆ ಮುತ್ತುವುದಿಲ್ಲ.

ಸೊಳ್ಳೆಗೆ ಹಿತ್ತಲಲ್ಲೇ ಹುಡುಕಿ. ಕುಂಡದ ತಟ್ಟೆ, ಮೂಲೆಯ ಬಕೆಟ್, ಮಡಿಸಿಟ್ಟ ಟಾರ್ಪಾಲಿನ ಸಂದು, ಇಷ್ಟರಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ, ತಟ್ಟೆಯ ಒಳಬದಿ ತಿಕ್ಕಿ. ಕೂರುವ ಜಾಗಕ್ಕೊಂದು ಫ್ಯಾನ್ ಇಡಿ. ಸೊಳ್ಳೆ ಹಾರುವುದರಲ್ಲಿ ಬಹಳ ದುರ್ಬಲ, ಫ್ಯಾನಿನ ಗಾಳಿಗೆ ಎದುರಾಗಿ ಬರಲಾರದು.

ಪ್ರಶ್ನೆ: ಮನೆಯಲ್ಲಿ ನಾಲ್ಕು ವರ್ಷದ ಮಗು, ಮಂಡಿನೋವಿನ ಅತ್ತೆ ಇದ್ದಾರೆ. ಇಬ್ಬರಿಗೂ ಆಗುವಂತೆ ಹಿತ್ತಲು ಮಾಡಬಹುದಾ?

ಉತ್ತರ: ಖಂಡಿತ. ಅತ್ತೆಗೆ ಬೇಕಾದ್ದು ಮೆತ್ತನೆ ಸೋಫಾ ಅಲ್ಲ. ಸುಮಾರು 18 ಇಂಚು ಎತ್ತರದ, ಕೈ ಊರಿ ಏಳಲು ಗಟ್ಟಿ ತೋಳಿರುವ ಕುರ್ಚಿ ಬೇಕು. ತಗ್ಗಿನ ಸೋಫಾದಿಂದ ಏಳುವುದು ಕಷ್ಟವಾದರೆ ಅವರು ಕೂರುವುದನ್ನೇ ಬಿಟ್ಟುಬಿಡುತ್ತಾರೆ, ಯಾರಿಗೂ ಕಾರಣ ಹೇಳುವುದೂ ಇಲ್ಲ. ಮೆಟ್ಟಿಲಿದ್ದರೆ ಒಂದೊಂದರ ಎತ್ತರ ಐದರಿಂದ ಆರು ಇಂಚು, ಎಲ್ಲವೂ ಒಂದೇ ಅಳತೆ, ಪಕ್ಕದಲ್ಲಿ ಹಿಡಿಕಂಬಿ. ದಾರಿ ನಾಲ್ಕೂವರೆ ಅಡಿ ಅಗಲವಿದ್ದರೆ ಮಗು ಅವರ ಕೈ ಹಿಡಿದು ಪಕ್ಕದಲ್ಲೇ ನಡೆಯಬಹುದು. ನುಣುಪಾದ ಟೈಲ್ಸ್ ಬೇಡವೇ ಬೇಡ.

ಮಗುವಿನ ಆಟದ ಜಾಗ ಅಡುಗೆಮನೆ ಕಿಟಕಿಯಿಂದ ಕಾಣಬೇಕು. ಕಂಡರೆ ನೀವು ಮಗುವನ್ನು ಹೊರಗೆ ಬಿಡುತ್ತೀರಿ, ಕಾಣದಿದ್ದರೆ ಒಳಗೇ ಕೂರಿಸುತ್ತೀರಿ. ಒಂದಷ್ಟು ಮರಳು, ಒಂದು ತಗ್ಗು ನಲ್ಲಿ, ಅಗೆಯಲು ಸ್ವಲ್ಪ ಮಣ್ಣು ಕೊಡಿ. ನೀರಿನ ಹತ್ತಿರ ಮಗು ಒಂಟಿಯಾಗಿ ಇರದಂತೆ ಮಾತ್ರ ನೋಡಿಕೊಳ್ಳಿ. ಹತ್ತುವ ಆಟದ ಸಾಮಾನು ಅಥವಾ ಉಯ್ಯಾಲೆ ಹಾಕಿಸಿದರೆ ಕೆಳಗೆ ಹುಲ್ಲು ಸಾಲದು. ಮರಳು ಇಲ್ಲವೇ ಮರದ ಚಕ್ಕೆ ಕನಿಷ್ಠ 9 ಇಂಚು ದಪ್ಪ ಹಾಕಿಸಿ, ಸುತ್ತ ಆರು ಅಡಿ ಖಾಲಿ ಬಿಡಿ, ಉಯ್ಯಾಲೆಯ ಹಿಂದೆ ಮುಂದೆ ಮಾತ್ರ ಅದನ್ನು ತೂಗುಹಾಕಿದ ಕಂಬಿಯ ಎತ್ತರದ ಎರಡರಷ್ಟು. ಮತ್ತೆ, ಅತ್ತೆಯ ಕುರ್ಚಿ ಅದನ್ನು ನೋಡುವಂತಿರಲಿ. ಇಬ್ಬರೂ ಜಾಸ್ತಿ ಹೊತ್ತು ಹೊರಗಿರುತ್ತಾರೆ.

ಪ್ರಶ್ನೆ: ಎಲ್ಲವನ್ನೂ ಒಮ್ಮೆಗೇ ಮಾಡಿಸಲು ಹಣವಿಲ್ಲ. ಯಾವುದು ಮೊದಲು?

ಉತ್ತರ: ಮೊದಲು ಮರ ನೆಡಿ. ಖರ್ಚು ಕಡಿಮೆ, ಬೆಳೆಯಲು ಮಾತ್ರ ವರ್ಷಗಳು ಬೇಕು. ಆಮೇಲೆ ಮಣ್ಣಿನ ಕೆಳಗೆ ಹೋಗುವ ಕೆಲಸ: ಮಳೆನೀರಿನ ದಾರಿ, ನಲ್ಲಿ ಪೈಪ್, ವೈರಿಂಗಿಗೆ ಖಾಲಿ ಕೊಳವೆ. ದೀಪ ಈಗ ಬೇಡವಾದರೂ ಕೊಳವೆ ಹಾಕಿಸಿಡಿ, ನಾಳೆ ಹಾಸುಗಲ್ಲು ಒಡೆಯುವುದು ತಪ್ಪುತ್ತದೆ. ಅದಾದ ಮೇಲೆ ಬಾಗಿಲ ಹತ್ತಿರದ ಜಗಲಿ. ಹುಲ್ಲು, ಹೂಗಿಡ, ಕುಂಡ ಎಲ್ಲ ಕೊನೆಗೆ. ಮಣ್ಣು ಮುಚ್ಚುವ ಮೊದಲು ಪೈಪ್ ಹೋಗಿರುವ ಜಾಗದ ಫೋಟೊ ತೆಗೆದಿಡಿ. ಫೋಟೊದಲ್ಲಿ ಗೋಡೆಯಿಂದ ಪೈಪಿನವರೆಗೆ ಟೇಪು ಎಳೆದಿರಲಿ, ಅಂಕಿ ಸ್ಪಷ್ಟವಾಗಿ ಕಾಣುವಂತೆ.