ವಾಗೆನಿಂಗನ್‌ಗೆ ಹೊರಟಿರುವ ತಮ್ಮನಿಗೆ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ, ಸೆಪ್ಟೆಂಬರಿಗೆ ಹಾಲೆಂಡಿನ ವಾಗೆನಿಂಗನ್ ವಿಶ್ವವಿದ್ಯಾಲಯ ಸೇರುತ್ತೇನೆ; ರೂಮು, ಚಳಿ, ಊಟ ಹೇಗೆ, ಕ್ಯಾಂಪಸ್ಸು ನಮ್ಮದರಂತಿದೆಯೇ, ಗೈಡುಗಳ ಹತ್ತಿರ ಹೇಗೆ ನಡೆದುಕೊಳ್ಳಬೇಕು ಅಣ್ಣ ಎಂದು ಕೇಳಿದ್ದೀಯ. ಓದುತ್ತಿದ್ದಂತೆ 2004ರ ಆಗಸ್ಟ್ ನೆನಪಾಯಿತು. ಎಡೆ-ವಾಗೆನಿಂಗನ್ ನಿಲ್ದಾಣದಲ್ಲಿ ಇಳಿದು ಊರೆಲ್ಲಿ ಎಂದು ಹುಡುಕಿದ್ದೆ. ನಿಲ್ದಾಣದ ಹೆಸರಿನಲ್ಲಿ ಊರಿದೆ, ಊರಿನಲ್ಲಿ ನಿಲ್ದಾಣವಿಲ್ಲ. ಅಲ್ಲಿಂದ ಬಸ್ ಹಿಡಿಯಬೇಕು.

ರೂಮಿಗೆ ಇವತ್ತೇ ಐಡಿಯಾಲಿಸ್‌ನಲ್ಲಿ, ಅಂದರೆ ವಿದ್ಯಾರ್ಥಿಗಳಿಗೆ ರೂಮು ಕೊಡುವ ಇಲ್ಲಿಯ ಸಂಸ್ಥೆಯಲ್ಲಿ, ಹೆಸರು ಬರೆಸು, ಅಷ್ಟೇ. ಚಳಿಗೆ ಬಟ್ಟೆಯಿದೆ, ಕತ್ತಲೆಗೆ ಏನೂ ಇಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಹಳೆಯ ಸೈಕಲ್ ಕೊಳ್ಳು, ಎರಡು ಬೀಗ ಹಾಕು. ದೀಪವಿಲ್ಲದೆ ಓಡಿಸಿದರೆ ಪೊಲೀಸರು ದಂಡ ಹಾಕುತ್ತಾರೆ.

ಕ್ಯಾಂಪಸ್ಸು ನಮ್ಮದರಂತಿಲ್ಲ. ಜಿಕೆವಿಕೆಯಲ್ಲಿ ಗೇಟು ದಾಟಿದರೆ ಬೆಂಗಳೂರು ಹಿಂದೆ ಉಳಿಯುತ್ತದೆ. ಇಲ್ಲಿ ಊರು, ಹೊಲ, ವಿಶ್ವವಿದ್ಯಾಲಯ ಒಂದರೊಳಗೊಂದು ಸೇರಿಕೊಂಡಿವೆ. ನೀನು ಪಾಠ ಕೇಳಲಿರುವ ಫೋರಂ ಕಟ್ಟಡ ಬಂದದ್ದು 2007ರಲ್ಲಿ. ನಮ್ಮ ಕಾಲದಲ್ಲಿ ವಿಭಾಗಗಳು ಊರೆಲ್ಲ ಚದುರಿದ್ದವು, ಒಂದು ಪಾಠದಿಂದ ಇನ್ನೊಂದಕ್ಕೆ ಮಳೆಯಲ್ಲೇ ಸೈಕಲ್ ತುಳಿಯುತ್ತಿದ್ದೆವು. ಮೇ 5ರಂದು ವಿಮೋಚನಾ ದಿನದ ಜಾತ್ರೆ ನೋಡಲು ಮರೆಯಬೇಡ. 1945ರಲ್ಲಿ ಅದೇ ದಿನ ಜರ್ಮನ್ ಸೇನೆಯ ಶರಣಾಗತಿಯ ಮಾತುಕತೆ ನಡೆದದ್ದು ಈ ಊರಿನ ‘ಡೆ ವೆರೆಲ್ಡ್’ ಹೋಟೆಲಿನಲ್ಲಿ. ಜನಸಂದಣಿ ನೋಡಿದರೆ ನಮ್ಮ ಕೃಷಿ ಮೇಳ ನೆನಪಾಗುತ್ತದೆ, ಟ್ರ್ಯಾಕ್ಟರುಗಳು ಮಾತ್ರ ಇರುವುದಿಲ್ಲ.

ಈ ವಿಶ್ವವಿದ್ಯಾಲಯ 1876ರಲ್ಲಿ ಸರ್ಕಾರಿ ಕೃಷಿ ಶಾಲೆಯಾಗಿ ಶುರುವಾಗಿ 1918ರಲ್ಲಿ ಉನ್ನತ ಶಿಕ್ಷಣದ ಸಂಸ್ಥೆಯಾಯಿತು ಎಂದು ಮೊದಲ ವಾರವೇ ಹೇಳುತ್ತಾರೆ. ಕೇಳಿ ಕುಗ್ಗಬೇಡ. ನಮ್ಮ ವಿಶ್ವವಿದ್ಯಾಲಯದ ಬೇರಿರುವ ಹೆಬ್ಬಾಳದಲ್ಲಿ ಪ್ರಯೋಗದ ಜಮೀನಿಗೆಂದು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು 30 ಎಕರೆ ಕೊಟ್ಟದ್ದು 1899ರಲ್ಲಿ. ಇವರ ಶಾಲೆಗೆ ಆಗ ಇಪ್ಪತ್ಮೂರೇ ವರ್ಷ. ಅಲ್ಲಿ ಕಾಲೇಜು ಆದದ್ದು 1946ರಲ್ಲಿ, ವಿಶ್ವವಿದ್ಯಾಲಯ 1964ರಲ್ಲಿ. ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರ ಮಾಡಿ ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಡಾಫ್ ತಳಿಗಳನ್ನು ತಂದ ಲಕ್ಷ್ಮಣಯ್ಯನವರ ಕಥೆಯನ್ನು ಇಲ್ಲಿ ತಳಿ ಅಭಿವೃದ್ಧಿ ಓದುವವರಿಗೆ, ಅವರು ಕೇಳದಿದ್ದರೂ, ನಾನು ಹೇಳುತ್ತಿದ್ದೆ. ನೀನೂ ಹೇಳು.

ಈಗ ಗೈಡಿನ ವಿಷಯ. ಇಲ್ಲಿ ಪ್ರೊಫೆಸರರನ್ನೂ ಹೆಸರು ಹಿಡಿದು ಕರೆಯುತ್ತಾರೆ. ನನಗೆ ಬಾಯಿ ಬರಲು ಮೂರು ತಿಂಗಳು ಹಿಡಿಯಿತು. ಆದರೆ ಬಾಯಲ್ಲಿ ‘ಸರ್’ ಹೋದರೂ ಒಳಗಿನ ಸರ್ ಹೋಗಿರಲಿಲ್ಲ.

ನನ್ನ ಪ್ರಬಂಧದ ಕೆಲಸ ಟೊಮೆಟೊ ಮೇಲೆ. ಗಾಜಿನ ಮನೆಯಲ್ಲಿ ಸಾಲು ಸಾಲು ಗಿಡ, ಬೇರೆ ಬೇರೆ ಪ್ರಮಾಣದ ಉಪ್ಪು ಬೆರೆಸಿದ ಪೋಷಕ ದ್ರಾವಣ. ವಾರಕ್ಕೆರಡು ಸಲ ಲವಣಾಂಶ ಅಳೆಯಲು ಗೈಡು ಹೇಳಿದರು. ಎಲ್ಲಿಯ ನೀರು ಎಂದು ನನಗೆ ಸರಿಯಾಗಿ ಕೇಳಿಸಲಿಲ್ಲ. ‘ಅರ್ಥವಾಯಿತೇ?’ ಎಂದರು. ‘ಆಯಿತು’ ಎಂದೆ. ನಾನು ಅಳೆದದ್ದು ದ್ರಾವಣದ ತೊಟ್ಟಿಯ ನೀರನ್ನು. ಅಳೆಯಬೇಕಾಗಿದ್ದುದು ಬೇರಿನಡಿಯಿಂದ ಬಸಿದು ಬರುವ ನೀರನ್ನು. ಗಿಡ ಉಪ್ಪನ್ನು ಬಿಟ್ಟು ನೀರನ್ನೇ ಹೆಚ್ಚು ಹೀರುತ್ತದೆ, ಉಪ್ಪು ಬೇರಿನ ಸುತ್ತ ಕೂಡುತ್ತಾ ಹೋಗುತ್ತದೆ. ಗಿಡಕ್ಕೆ ತಾಗುವುದು ಆ ಉಪ್ಪು. ಎರಡನೆಯ ವಾರದಲ್ಲೇ ಅನುಮಾನ ಬಂದಿತ್ತು. ತೊಟ್ಟಿಯ ಅಂಕಿ ಅಲುಗುತ್ತಲೇ ಇರಲಿಲ್ಲ, ಎಲೆಯಂಚು ಮಾತ್ರ ಸುಡುತ್ತಿತ್ತು. ಪ್ರತಿ ಗುರುವಾರ ಅವರ ಎದುರು ಕುಳಿತು ಎಲ್ಲ ಚೆನ್ನಾಗಿದೆ ಎಂದು ತಲೆಯಾಡಿಸಿದೆ. ಗುರುಗಳನ್ನು ಎರಡನೆಯ ಸಲ ಕೇಳುವುದು ಹೇಗೆ? ಆ ಸಂಕೋಚ ಎಂಥದ್ದೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಏಳು ವಾರದ ಅಂಕಿಗಳು ಕಸವಾದವು. ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಬೈಗುಳ ತಿಂದು ಮುಗಿಸಬಹುದಿತ್ತು. ‘ಐದು ನಿಮಿಷದ ಪ್ರಶ್ನೆಯಾಗಿತ್ತಲ್ಲ’ ಎಂದಷ್ಟೇ ಹೇಳಿ, ಪ್ರಯೋಗ ಮತ್ತೆ ಹೂಡಲು ದಿನ ಗೊತ್ತುಮಾಡಿದರು. ಓದು ಮುಂದಕ್ಕೆ ಹೋಯಿತು, ಫೀಸು ಮತ್ತೆ ಕಟ್ಟಬೇಕಾಯಿತು. ಅಪ್ಪ ಕೆರೆಯ ಕೆಳಗಿನ ಅರ್ಧ ಎಕರೆ ಅಡವಿಟ್ಟು ಹಣ ಕಳಿಸಿದರು. ಕೆಲಸ ಸಿಕ್ಕ ಎರಡನೆಯ ವರ್ಷ ಬಿಡಿಸಿಕೊಂಡೆ. ಆದರೆ ಕಾರಣ ಇದು ಎಂದು ಹೇಳಲಿಲ್ಲ. ಅಲ್ಲಿಯ ಕೋರ್ಸೇ ಹಾಗೆ, ಉದ್ದ, ಎಂದುಬಿಟ್ಟೆ.

ಆದ್ದರಿಂದ, ಕೇಳು. ಕೇಳಿಸದಿದ್ದರೆ ಇನ್ನೊಮ್ಮೆ ಕೇಳು. ಹೇಳಿದ್ದನ್ನು ಬರೆದುಕೊಂಡು, ‘ನಾನು ತಿಳಿದುಕೊಂಡದ್ದು ಇದು, ಸರಿಯೇ?’ ಎಂದು ಅಂದೇ ಮೇಲ್ ಕಳಿಸು. ಯಾರೂ ಕೀಳಾಗಿ ನೋಡುವುದಿಲ್ಲ. ಅಂಕದ ಚಿಂತೆಯೂ ಬೇಡ: ಇಲ್ಲಿ ಹತ್ತಕ್ಕೆ 5.5 ಬಂದರೆ ಪಾಸು, ಎಂಟು ಬಂದರೆ ಬಹಳ ಒಳ್ಳೆಯದು, ಹತ್ತು ಯಾರಿಗೂ ಬರುವುದಿಲ್ಲ ಎಂದೇ ತಿಳಿ. ನಿನ್ನ ಬಿ.ಎಸ್ಸಿ.ಯ ಓಜಿಪಿಎ (ಒಟ್ಟು ಸರಾಸರಿ ಅಂಕ) ಲೆಕ್ಕದಲ್ಲಿ ಅಳೆದುಕೊಂಡು ಕೊರಗಬೇಡ.

ಊಟದ ವಿಷಯ ಉಳಿಯಿತು. ಮಧ್ಯಾಹ್ನ ಬ್ರೆಡ್ಡು, ಅದಕ್ಕೆ ಮದ್ದಿಲ್ಲ. ಅಮ್ಮ ತುಪ್ಪ ಕಟ್ಟಿದರೆ ಬೇಡವೆನ್ನು, ಹೊರಗಿನಿಂದ ಹಾಲಿನ ಪದಾರ್ಥ ತರಲು ಇಲ್ಲಿ ಬಿಡುವುದಿಲ್ಲ. ರಾಗಿ ಹಿಟ್ಟು ತಾ. ಜಾಗವಿದ್ದರೆ ನನಗೂ ಒಂದು ಕೆಜಿ.

ಅಂದಹಾಗೆ, ಹೋದ ವರ್ಷ ಊರಿಗೆ ಹೋಗಿದ್ದಾಗ ಪಕ್ಕದ ಮನೆಯ ಹುಡುಗನಿಗೆ ಅಪ್ಪ ಜಗಲಿಯಲ್ಲಿ ಕುಳಿತು ತಿಳಿಸಿ ಹೇಳುತ್ತಿದ್ದರು: ‘ಹಾಲೆಂಡಿನಲ್ಲಿ ಓದು ಉದ್ದ, ದುಡ್ಡು ಸ್ವಲ್ಪ ಹೆಚ್ಚಿಗೆ ಇಟ್ಟುಕೊಂಡಿರಬೇಕು.’ ನಾನು ಒಳಗೆ ಹೋಗಿ ನೀರು ಕುಡಿದೆ.